ಕೋಡಿಬಾಗದಿಂದ ಶಿರವಾಡಕ್ಕೆ ಸೈಕಲ್ ದಾರಿ: ಇದು ಯಾರ ರಸ್ತೆ ಮಾರಾಯ್ರೇ?

ಪೆಡಲ್ ಕೋಡಿಬಾಗ

ಕಳೆದ ಸೆಪ್ಟೆಂಬರ್‌ನಲ್ಲಿ ನಾನು ಸೈಕಲ್‌ನಿಂದ ಬಿದ್ದೆ. ದೊಡ್ಡ ಸುದ್ದಿ ಏನಲ್ಲ. ಸಂಜೆ ಆರೂವರೆ, ಸಣ್ಣ ಮಳೆ, ಹ್ಯಾಂಡಲ್‌ಗೆ ಬಂಗಡೆ ಚೀಲ. ಹಿಂದಿನಿಂದ ಲಾರಿ ಹಾರ್ನ್ ಹೊಡೆಯಿತು, ಎಡಕ್ಕೆ ಸರಿದೆ. ಡಾಂಬರು ಮುಗಿದು ಮಣ್ಣು ಶುರುವಾಗುವ ಕಡೆ ಐದು ಬೆರಳಿನಷ್ಟು ಇಳುಕಲು ಇತ್ತು. ಮುಂದಿನ ಚಕ್ರ ಕೆಳಗೆ ಹೋಯಿತು, ಹಿಂದಿನದು ಮೇಲೆಯೇ ಉಳಿಯಿತು. ಎಡ ಮಣಿಕಟ್ಟಿಗೆ ಮೂರು ವಾರ ಪಟ್ಟಿ. ಬಂಗಡೆ ಚರಂಡಿಗೆ. ಎದುರಿನ ಮನೆಯ ಹೆಂಗಸೊಬ್ಬರು, ನಾವು ಬಾಯಿ ಎನ್ನುತ್ತೇವೆ, ನನ್ನನ್ನು ಎಬ್ಬಿಸುವ ಮೊದಲು ಮೀನು ಹೆಕ್ಕಿದರು, ಆ ಕಥೆ ಇನ್ನೊಮ್ಮೆ ಹೇಳುತ್ತೇನೆ.

ಕೈ ಸರಿಯಾದ ಮೇಲೆ, ಆ ಅಂಚಿಗೆ ಸ್ವಲ್ಪ ಜಲ್ಲಿ ಹಾಕಿಸಿ ಎಂದು ಕೇಳಲು ಹೊರಟೆ. ಒಂದು ಕಚೇರಿಯಲ್ಲಿ "ಡಾಂಬರು ಮಾತ್ರ ನಮ್ಮದು" ಎಂದರು. ಇನ್ನೊಂದರಲ್ಲಿ "ಚರಂಡಿ ಮಾತ್ರ ನಮ್ಮದು" ಎಂದರು. ಮೂರನೆಯ ಕಡೆ ಅರ್ಜಿ ತೆಗೆದುಕೊಂಡು ಸೀಲು ಹೊಡೆದರು, ಅಷ್ಟೇ. ಹಾಗಾದರೆ ಡಾಂಬರಿಗೂ ಚರಂಡಿಗೂ ನಡುವೆ ಇರುವ ಆ ಒಂದು ಮಾರು ಜಾಗ ಯಾರದ್ದು? ನಾವು ಸೈಕಲ್‌ನವರು ಓಡಾಡುವುದು ಸರಿಯಾಗಿ ಅಲ್ಲೇ.

ನನ್ನ ದಿನದ ದಾರಿ ಕಾರವಾರದ ಕೋಡಿಬಾಗದಿಂದ ಶಿರವಾಡದ ರೈಲ್ವೆ ಸ್ಟೇಷನ್. ಮೊದಲಿಗೆ ಸಿಗುವುದು ರಾಷ್ಟ್ರೀಯ ಹೆದ್ದಾರಿ 66, ಅದು ಕೇಂದ್ರದ್ದು. ಊರೊಳಗೆ ಬಂದರೆ ನಗರಸಭೆ ರಸ್ತೆ. ಆಮೇಲೆ ಕೈಗಾ ರಸ್ತೆ, ಅಂದರೆ ಇಳಕಲ್‌ಗೆ ಹೋಗುವ ರಾಜ್ಯ ಹೆದ್ದಾರಿ 6, ಲೋಕೋಪಯೋಗಿ ಇಲಾಖೆಯದ್ದು. ಶಿರವಾಡದಲ್ಲಿ ಪಂಚಾಯಿತಿ ಬರುತ್ತದೆ. ಸ್ಟೇಷನ್ ಅಂಗಳ ಕೊಂಕಣ ರೈಲ್ವೆಯದ್ದು. ಏಳೆಂಟು ಕಿಲೋಮೀಟರ್‌ಗೆ ಐದು ಜನ ಯಜಮಾನರು.

ಊರೊಳಗಿನ ಸೈಕಲ್ ದಾರಿಯ ವಿಷಯವನ್ನು ನಗರಸಭೆಗೇ ಬಿಡಬೇಕಾ, ಇಲ್ಲಾ ಮೇಲಿನವರು ಮಾಡಬೇಕಾ? ಸುಮ್ನೆ ಜಗಳಕ್ಕೆ ಕೇಳುತ್ತಿಲ್ಲ.

ಗಡದ ಟೀಚರ್

ನಿಮ್ಮದು ಐದು, ನಮಗೆ ಮೇಲಿಂದ ಒಂದು ಸೇತುವೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಬಿದ್ದ ಮೇಲೆ ಎರಡೂ ಕಡೆಯ ವಾಹನ ಹೊಸ ಸೇತುವೆ ಮೇಲೆ ಬಂತು. ಸದಾಶಿವಗಡದಿಂದ ಕಾರವಾರಕ್ಕೆ ಸೈಕಲ್‌ನಲ್ಲಿ ಬರುವ ಹುಡುಗರಿಗೆ ಎದುರಿನಿಂದಲೂ ಟ್ಯಾಂಕರ್, ಹಿಂದಿನಿಂದಲೂ ಟ್ಯಾಂಕರ್.

ಇನ್ನೊಂದು ಮಾತು. 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಪುಕ್ಕಟೆ ಸೈಕಲ್ ಕೊಡಲು ಶುರು ಮಾಡಿತಲ್ಲ, ಆಗ ಶಾಲೆಯಲ್ಲಿ ಸೈಕಲ್ ಜೋಡಿಸಿದ ದಿನ ನನಗೆ ಇನ್ನೂ ನೆನಪಿದೆ. ಸೀಟಿನ ಪ್ಲಾಸ್ಟಿಕ್ ಹರಿಯಲು ಮಕ್ಕಳು ತಿಂಗಳುಗಟ್ಟಲೆ ಬಿಡುತ್ತಿರಲಿಲ್ಲ. ಸೈಕಲ್ ಬೆಂಗಳೂರಿನಿಂದ ಲಾರಿ ಹತ್ತಿ ಬಂತು. ಅದನ್ನು ಓಡಿಸುವ ಜಾಗದ ಬಗ್ಗೆ ಒಂದು ಹಾಳೆ ಕಾಗದವೂ ಬರಲಿಲ್ಲ. ಎಷ್ಟೋ ತಾಯಂದಿರು "ಹೆದ್ದಾರಿ ದಾಟಬೇಡ, ಬಸ್ಸಿಗೆ ಹೋಗು" ಎಂದರು. ಸೈಕಲ್ ಅಪ್ಪನ ಪಾಲಾಯಿತು.

ಹೈಚರ್ಚ್ ರೋಡ್ ಅಂಗಡಿ

ಎಲ್ಲರೂ ಬೈಯುವ ಮೊದಲು ಹೇಳಿಬಿಡುತ್ತೇನೆ, ನಾನು ವಿರೋಧಿ. ನಮ್ಮ ಪೇಟೆ ರಸ್ತೆಗಳ ಅಗಲ ಎಷ್ಟು ಅಂತ ನೋಡಿದ್ದೀರಾ? ಅದರಲ್ಲಿ ಎರಡು ಮೀಟರ್ ಸೈಕಲ್‌ಗೆ ಬಿಟ್ಟರೆ ಗಿರಾಕಿ ಸ್ಕೂಟರ್ ಎಲ್ಲಿ ನಿಲ್ಲಿಸಬೇಕು? ಬೆಂಗಳೂರಿನಲ್ಲಿ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಸೈಕಲ್ ದಾರಿ ಮಾಡಿದರು. ಆಮೇಲೆ ಅದರ ಮೇಲೆ ಬೈಕ್ ಓಡಿದವು, ಮೆಟ್ರೋ ಕೆಲಸ ಬಂತು, ಕಂಬ ಹೋದವು. ಆ ಪಾಠ ನಮಗೆ ಯಾಕೆ?

ಮತ್ತೆ ನಗರಸಭೆಗೆ ಅಧಿಕಾರ ಕೊಟ್ಟರೆ ಏನಾಗುತ್ತದೆ ಗೊತ್ತಲ್ಲ. ಇಂಟರ್‌ಲಾಕ್ ಹಾಕುತ್ತಾರೆ, ಫೋಟೋ ತೆಗೆಸುತ್ತಾರೆ, ಆರು ತಿಂಗಳಿಗೆ ಪೈಪ್‌ಲೈನ್‌ನವರು ಅದನ್ನೇ ಕಿತ್ತು ಹಾಕುತ್ತಾರೆ.

ಪೆಡಲ್ ಕೋಡಿಬಾಗ

ಅಂಗಡಿಯವರೇ, ಬೈಯಲ್ಲ. ಆದರೆ ನಿಮ್ಮ ಅಂಗಡಿಗೆ ಬೆಳಿಗ್ಗೆ ಪಾವ್ ತಂದು ಹಾಕುವವನು ಯಾವುದರಲ್ಲಿ ಬರುತ್ತಾನೆ? ಹಿಂದೆ ಬುಟ್ಟಿ, ನೀಲಿ ಪ್ಲಾಸ್ಟಿಕ್ ಹೊದಿಕೆ, ಪೊಂಪೊಂ ಹಾರ್ನ್. ಅವನಿಗೆ ಪಾರ್ಕಿಂಗ್ ಬೇಡ, ಬೀಳದೆ ಬರುವಷ್ಟು ಜಾಗ ಸಾಕು.

ನಿವೃತ್ತ ಓವರ್‌ಸಿಯರ್

ನಾನು ಮೂವತ್ತು ವರ್ಷ ರಸ್ತೆ ಕೆಲಸದಲ್ಲೇ ಇದ್ದವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ ಐದು ಬೆರಳಿನ ಇಳುಕಲು. ಅದು ಹುಟ್ಟುವುದು ಹೀಗೆ. ಪ್ರತಿ ಸಲ ಡಾಂಬರು ಹಾಕುವಾಗ ಹಳೆಯದರ ಮೇಲೆಯೇ ಹೊಸ ಪದರ ಬರುತ್ತದೆ. ರಸ್ತೆ ಪ್ರತಿ ಪದರಕ್ಕೂ ಏರುತ್ತದೆ. ಪಕ್ಕದ ಮಣ್ಣಿನ ಅಂಚು, ನಾವು ಶೋಲ್ಡರ್ ಎನ್ನುತ್ತೇವೆ, ಅದನ್ನೂ ಅಷ್ಟೇ ಏರಿಸಿ ರೋಲರ್ ಹೊಡೆಯಬೇಕು. ಎಸ್ಟಿಮೇಟ್‌ನಲ್ಲಿ ಅದು ಸಣ್ಣ ಐಟಂ, ಕೊನೆಯ ಐಟಂ. ಬಿಲ್ ಕಟ್ ಆಗುವುದು ಅಲ್ಲೇ. ಆಮೇಲೆ ಕರಾವಳಿಯ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಡಾಂಬರಿನ ನೀರು ಎಲ್ಲಾ ಅಂಚಿಗೆ ಇಳಿಯುತ್ತದೆ, ಮಣ್ಣು ಕೊರೆಯುತ್ತದೆ. ಮೂರು ಮಳೆಗಾಲ ಸಾಕು, ಮೆಟ್ಟಿಲು ತಯಾರು. ಕಾರಿನವನಿಗೆ ಅದು ಕಾಣುವುದೂ ಇಲ್ಲ.

ಎರಡನೆಯದು. ಸೈಕಲ್ ದಾರಿ ಹೇಗಿರಬೇಕು ಎಂದು ಗೊತ್ತಿಲ್ಲದೆ ಇದ್ದದ್ದಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನವರ ಐಆರ್‌ಸಿ 11 ಎಂಬ ಪುಸ್ತಕ 1962ರಲ್ಲೇ ಬಂದಿದೆ, 2015ರಲ್ಲಿ ತಿದ್ದಿ ಹೊಸದು ಮಾಡಿದ್ದಾರೆ. ನಾಲ್ಕು ಪಥದ ಹೆದ್ದಾರಿಗೆ ಎಸ್‌ಪಿ 84 ಎಂಬ ಬೇರೆ ಪುಸ್ತಕ ಇದೆ. ಊರು ಇರುವ ಕಡೆ ಸರ್ವೀಸ್ ರಸ್ತೆ, ಫುಟ್‌ಪಾತ್ ಎಂದೆಲ್ಲ ಅದರಲ್ಲಿದೆ.

ಆದರೆ ಹೆದ್ದಾರಿಯಲ್ಲಿ ಏನು ಕಟ್ಟಬೇಕು ಎಂದು ತೀರ್ಮಾನ ಆಗುವುದು ಗುತ್ತಿಗೆ ಕಾಗದದ ಶೆಡ್ಯೂಲ್ ಬಿ ಎಂಬ ಭಾಗದಲ್ಲಿ. ಯಾವ ಊರಿನಲ್ಲಿ ಎಷ್ಟು ಉದ್ದ ಸರ್ವೀಸ್ ರಸ್ತೆ, ಎಲ್ಲಿ ಅಂಡರ್‌ಪಾಸ್, ಎಲ್ಲಾ ಅಲ್ಲಿ ಬರೆದಿರುತ್ತದೆ. ಸಹಿ ಬಿದ್ದ ಮೇಲೆ ಏನೇ ಹೊಸದು ಕೇಳಿದರೂ ಅದು ಚೇಂಜ್ ಆಫ್ ಸ್ಕೋಪ್, ಅಂದರೆ ಗುತ್ತಿಗೆಯ ಕೆಲಸದ ವ್ಯಾಪ್ತಿ ಬದಲಾವಣೆ. ಅದಕ್ಕೆ ಬೇರೆ ಹಣ, ಬೇರೆ ಒಪ್ಪಿಗೆ, ಕಡತ ಕಾರವಾರ ಬಿಟ್ಟು ಮೇಲೆ ಹೋಗಬೇಕು. ಊರಿನವರಿಗೆ ಆಸೆ ಹುಟ್ಟುವುದು ರಸ್ತೆ ಕಣ್ಣೆದುರು ಎದ್ದ ಮೇಲೆ. ಅಷ್ಟೊತ್ತಿಗೆ ಶೆಡ್ಯೂಲ್ ಬಿ ಒಣಗಿ ವರ್ಷಗಳಾಗಿರುತ್ತವೆ. ನಗರಸಭೆ ಠರಾವು ಮಾಡಿ ಕಳಿಸಿದರೆ ಅದನ್ನು ಪತ್ರ ಎಂದು ಫೈಲ್ ಮಾಡುತ್ತಾರೆ.

ಹೊರದೇಶದ ಶಿರಸಿಗ

ಟೊರೊಂಟೊದಿಂದ ಬರೆಯುತ್ತಿದ್ದೇನೆ. ನಿಮ್ಮ ಜಗಳ ಓದಿ ನಗು ಬಂತು. ಯಾಕೆಂದರೆ ಇಲ್ಲಿ ಇದೇ ಜಗಳ ಕೋರ್ಟಿಗೆ ಹೋಗಿದೆ.

ಇಲ್ಲಿ ನಗರಸಭೆ ಬ್ಲೂರ್, ಯಂಗ್, ಯೂನಿವರ್ಸಿಟಿ ಎಂಬ ಮೂರು ದೊಡ್ಡ ಬೀದಿಗಳಲ್ಲಿ ಸೈಕಲ್‌ಗೆ ಬೇರೆ ದಾರಿ ಮಾಡಿತ್ತು. ಒಂಟಾರಿಯೊ ಪ್ರಾಂತ್ಯದ ಸರ್ಕಾರ, ನಮ್ಮ ಲೆಕ್ಕದಲ್ಲಿ ರಾಜ್ಯ ಸರ್ಕಾರ, 2024ರ ನವೆಂಬರ್‌ನಲ್ಲಿ ಕಾನೂನು ತಂದಿತು. ಕಾರಿನ ಲೇನ್ ತೆಗೆದು ಸೈಕಲ್ ದಾರಿ ಮಾಡಬೇಕಾದರೆ ನಗರಸಭೆ ಇನ್ನು ಮುಂದೆ ಪ್ರಾಂತ್ಯದ ಒಪ್ಪಿಗೆ ಕೇಳಬೇಕು. ಮೇಲಿಂದ, ಆ ಮೂರು ಬೀದಿಗಳಲ್ಲಿ ಇದ್ದದ್ದನ್ನೂ ಕಿತ್ತು ಹಾಕುವ ಅಧಿಕಾರವನ್ನು ತಾನೇ ಇಟ್ಟುಕೊಂಡಿತು. ಸೈಕಲ್‌ನವರು ಕೋರ್ಟಿಗೆ ಹೋದರು. 2025ರ ಜುಲೈ 30ರಂದು ಜಡ್ಜ್ ಸೈಕಲ್‌ನವರ ಪರ ಹೇಳಿದರು. ಪ್ರಾಂತ್ಯ ಮೇಲ್ಮನವಿಗೆ ಹೋಯಿತು.

ನನಗೆ ಮುಖ್ಯ ಅನ್ನಿಸಿದ್ದು ತೀರ್ಪಿನ ದಾರಿ. ಬೀದಿ ನಗರಸಭೆಯದ್ದು, ಪ್ರಾಂತ್ಯ ಮೂಗು ತೂರಿಸಬಾರದು ಎಂದು ಜಡ್ಜ್ ಹೇಳಲಿಲ್ಲ. ಇಲ್ಲಿನ ಸಂವಿಧಾನದಲ್ಲಿ ನಗರಸಭೆ ಪ್ರಾಂತ್ಯದ ಕೂಸು. 2018ರಲ್ಲಿ ಚುನಾವಣೆ ನಡೆಯುತ್ತಿರುವಾಗಲೇ ಟೊರೊಂಟೊ ಕೌನ್ಸಿಲನ್ನು 47ರಿಂದ 25ಕ್ಕೆ ಇಳಿಸಿದ್ದು ಇದೇ ಪ್ರಾಂತ್ಯ, ಯಾರೂ ಏನೂ ಮಾಡಲಾಗಲಿಲ್ಲ. ಜಡ್ಜ್ ಹಿಡಿದದ್ದು ಬೇರೆ ಎಳೆ. ಈ ದಾರಿ ಕಿತ್ತರೆ ಜನ ಸಾಯುತ್ತಾರೆ, ಗಾಯಗೊಳ್ಳುತ್ತಾರೆ ಎಂದು ಸರ್ಕಾರಕ್ಕೇ ತಿಳಿದಿತ್ತು, ಕಿತ್ತರೆ ಟ್ರಾಫಿಕ್ ಕಡಿಮೆ ಆಗುತ್ತದೆ ಎಂಬುದಕ್ಕೆ ಆಧಾರ ಇರಲಿಲ್ಲ, ಹಾಗಾಗಿ ಇದು ಜೀವದ ಹಕ್ಕಿನ ಪ್ರಶ್ನೆ ಎಂದರು.

ಕುಮಟಾ ವಕೀಲೆ

ಟೊರೊಂಟೊದವರು ಹೇಳಿದ್ದು ನಮಗೂ ಹತ್ತಿರದ್ದೇ. ನಮ್ಮಲ್ಲೂ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಫುಟ್‌ಪಾತ್ ಎಂಬುದು 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿದೆ.

ಈಗ ಅಧಿಕಾರದ ಮಾತು. ನಗರಸಭೆಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್ 1ರಂದು. ಅದರ ಜೊತೆ ಬಂದ 12ನೇ ಅನುಸೂಚಿಯಲ್ಲಿ 18 ಕೆಲಸಗಳ ಪಟ್ಟಿ ಇದೆ, ನಾಲ್ಕನೆಯದೇ ರಸ್ತೆ ಮತ್ತು ಸೇತುವೆ. ಓದಿದವರಿಗೆ ನಗರಸಭೆಗೆ ಎಲ್ಲಾ ಕೊಟ್ಟಿದ್ದಾರೆ ಅನ್ನಿಸುತ್ತದೆ. ಆದರೆ 243ಡಬ್ಲ್ಯೂ ವಿಧಿ ಓದಿ. ರಾಜ್ಯದ ಶಾಸನಸಭೆ ಇವನ್ನು ಕೊಡಬಹುದು ಎಂದಿದೆ, ಕೊಡಲೇಬೇಕು ಎಂದಿಲ್ಲ. ಆ ಒಂದು "ಬಹುದು" ಮೇಲೆ ಮೂವತ್ತು ವರ್ಷ ಕಳೆದಿದೆ. ಇನ್ನು ರಾಷ್ಟ್ರೀಯ ಹೆದ್ದಾರಿ 1956ರ ಕಾಯ್ದೆ ಪ್ರಕಾರ ಕೇಂದ್ರದ್ದು. ಅದು ನಿಮ್ಮ ಮನೆ ಬಾಗಿಲಿಗೆ ತಾಗಿ ಹೋದರೂ ಅಷ್ಟೇ.

ಜನ ಜಾಸ್ತಿ ಗಮನಿಸದ ಒಂದು ಬಾಗಿಲು ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 138(1ಎ) ಸೇರಿಸಿದರು. ಸೈಕಲ್‌ನಂಥ ಮೋಟಾರು ಇಲ್ಲದ ಗಾಡಿ ಮತ್ತು ನಡೆದಾಡುವವರ ಬಗ್ಗೆ ರಾಜ್ಯ ಸರ್ಕಾರ ನಿಯಮ ಮಾಡಬಹುದು, ರಾಷ್ಟ್ರೀಯ ಹೆದ್ದಾರಿ ಆದರೆ ಹೆದ್ದಾರಿ ಪ್ರಾಧಿಕಾರದ ಜೊತೆ ಮಾತಾಡಿ ಮಾಡಬೇಕು. ರಾಷ್ಟ್ರೀಯ ಹೆದ್ದಾರಿ ಬಿಟ್ಟು ಉಳಿದ ರಸ್ತೆಗಳ ವಿನ್ಯಾಸಕ್ಕೆ 210ಡಿ ಇದೆ. ಇವೆರಡರ ಕೆಳಗೆ ಆರು ತಿಂಗಳಲ್ಲಿ ನಿಯಮ ಮಾಡಿ ಎಂದು 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ನಿಮ್ಮ ಅರ್ಜಿಯಲ್ಲಿ ಈ ಎರಡು ಸೆಕ್ಷನ್ ನಂಬರ್ ಬರೆಯಿರಿ. ಸೀಲು ಹೊಡೆಯುವವನ ಕೈ ಸ್ವಲ್ಪ ನಿಧಾನ ಆಗುತ್ತದೆ.

ಮಾಜಿ ಮೆಂಬರ್

ಯಾವ ಊರಿನ ನಗರಸಭೆ ಎಂದು ಹೇಳಲ್ಲ. ಜಿಲ್ಲೆಯದ್ದೇ.

ವಕೀಲರು ಅಧಿಕಾರದ ಬಗ್ಗೆ ಹೇಳಿದರು, ನಾನು ಹಣದ ಬಗ್ಗೆ ಹೇಳುತ್ತೇನೆ. 2026ರ ಮಾರ್ಚ್ ತನಕ ಇದ್ದ 15ನೇ ಹಣಕಾಸು ಆಯೋಗದಲ್ಲಿ ನಮ್ಮಂಥ ಸಣ್ಣ ಊರಿಗೆ ಬರುತ್ತಿದ್ದ ಹಣದಲ್ಲಿ ನೂರಕ್ಕೆ 60 ಕಟ್ಟಿ ಹಾಕಿದ ಹಣ. ನೀರಿಗೆ ಇಷ್ಟು, ಸ್ವಚ್ಛತೆಗೆ ಇಷ್ಟು. ಉಳಿದ 40ಕ್ಕೆ ವಾರ್ಡ್‌ಗಳೆಲ್ಲ ಬಾಯಿ ತೆರೆದು ಕೂತಿರುತ್ತಿದ್ದವು. ನಾನು ಒಮ್ಮೆ ಸೈಕಲ್ ದಾರಿ ಎಂದದ್ದಕ್ಕೆ ಪಕ್ಕದ ಸದಸ್ಯರು "ಮೊದಲು ನನ್ನ ವಾರ್ಡಿನ ಗಟಾರಕ್ಕೆ ಮುಚ್ಚಳ ಹಾಕಿಸು" ಎಂದರು. ಅವರದ್ದೂ ತಪ್ಪಲ್ಲ. ಅಲ್ಲಿ ಒಂದು ದನ ಬಿದ್ದಿತ್ತು.

ಇನ್ನೊಂದು, ಯಜಮಾನ ಕುರ್ಚಿಯಲ್ಲಿ ಇರಬೇಕಲ್ಲ? 2018ರಲ್ಲಿ ಚುನಾವಣೆ ಆಗಿ ಗೆದ್ದವರು, ಮೀಸಲಾತಿ ತಕರಾರಿನಿಂದ ಅಧ್ಯಕ್ಷರನ್ನು ಆರಿಸಲು ರಾಜ್ಯದ ತುಂಬಾ 2020ರ ತನಕ ಕಾದರು. ಅಧ್ಯಕ್ಷರ ಮೊದಲ ಮೂವತ್ತು ತಿಂಗಳ ಅವಧಿ ಮುಗಿದ ಮೇಲೆ ಮತ್ತೆ ಅದೇ ಕಥೆ. ನಡುವೆ ಆಡಳಿತಾಧಿಕಾರಿ. ಸಭೆ ಇಲ್ಲ ಎಂದರೆ ಠರಾವು ಇಲ್ಲ. ಠರಾವು ಮಾಡಿದರೂ ಜಿಲ್ಲಾಧಿಕಾರಿ ಅದನ್ನು ತಡೆಹಿಡಿಯಬಹುದು. ಇಂಥ ಕೈಗೆ "ಸೈಕಲ್ ನೀನೇ ನೋಡಿಕೋ" ಎಂದು ಕೊಟ್ಟರೆ ಅದು ಅಧಿಕಾರ ಕೊಟ್ಟ ಹಾಗಲ್ಲ, ಬೈಗುಳ ದಾಟಿಸಿದ ಹಾಗೆ.

ಹೈಚರ್ಚ್ ರೋಡ್ ಅಂಗಡಿ

ಮೆಂಬರ್ ಸಾಹೇಬರೇ, ಇದನ್ನು ಆಗ ಸಭೆಯಲ್ಲಿ ಹೇಳಿದ್ದಿರಾ?

ಮಾಜಿ ಮೆಂಬರ್

ಹೇಳಿದ್ದೆ. ನಡಾವಳಿಯಲ್ಲಿ "ಚರ್ಚಿಸಲಾಯಿತು" ಎಂದಿದೆ.

ಬಿಡ್ಕಿಬೈಲ್

ನಾನು ಶಿರಸಿಯವ. ನಮ್ಮದು ಏರು ಇಳಿಜಾರಿನ ಊರು, ನಿಮ್ಮ ಹಾಗೆ ಸಮುದ್ರದ ಮಟ್ಟ ಇಲ್ಲ. ಯಲ್ಲಾಪುರ ನಾಕಾ ಕಡೆ ಏರು ಹತ್ತುವಾಗ ಸೈಕಲ್ ತಳ್ಳುವವರೇ ಜಾಸ್ತಿ. ಇಲ್ಲಿಯೂ ಕುಮಟಾ ಕಡೆಯಿಂದ ಬರುವ 766ಇ ಕೇಂದ್ರದ್ದು, ಒಳಗಿನ ಬೀದಿ ನಗರಸಭೆಯದ್ದು, ಅದೇ ರಾಗ.

ಆದರೆ ಎರಡು ವರ್ಷಕ್ಕೊಮ್ಮೆ ಒಂದು ಪವಾಡ ನೋಡುತ್ತೇನೆ. ಜಾತ್ರೆಗೆ ಮಾರಿಕಾಂಬೆ ಬಂದು ಬಿಡ್ಕಿಬೈಲಿನ ಗದ್ದುಗೆಯಲ್ಲಿ ಕೂತಳು ಎಂದರೆ ಸುತ್ತಲಿನ ರಸ್ತೆಗಳಲ್ಲಿ ಒಂದು ಕಾರಿಲ್ಲ. ಬಸ್ಸು ಊರ ಹೊರಗೆ, ಪಾರ್ಕಿಂಗ್ ಮೈದಾನಕ್ಕೆ, ಬ್ಯಾರಿಕೇಡ್ ಹತ್ತಿರ ಪೊಲೀಸ್. ನಾನು ಹುಡುಗನಾಗಿದ್ದಾಗ ರಾತ್ರಿ ಎರಡು ಗಂಟೆಗೆ ಆ ಖಾಲಿ ರಸ್ತೆಯಲ್ಲಿ ಬಾಡಿಗೆ ಸೈಕಲ್ ಓಡಿಸಿದ್ದೇನೆ. ಗಂಟೆಗೆ ಎಂಟಾಣೆ. ಯಾವ ಇಲಾಖೆಯವರೂ "ಈ ರಸ್ತೆ ನಮ್ಮದಲ್ಲ" ಎಂದು ಕೈ ತೊಳೆದುಕೊಂಡದ್ದು ನೆನಪಿಲ್ಲ. ಎಲ್ಲರನ್ನೂ ಕೂರಿಸಿ ಸಭೆ, ಒಂದು ಆದೇಶ, ಮುಗಿಯಿತು. ಅಂದರೆ ಮನಸ್ಸು ಮಾಡಿದರೆ ಇವರಿಗೆ ಒಂದೇ ಮೇಜಿನ ಸುತ್ತ ಕೂರಲು ಬರುತ್ತದೆ.

ಗಡದ ಟೀಚರ್

ಅಮ್ಮನಿಗೆ ಹೆದರಿ ಕೂರುತ್ತಾರೆ, ಸೈಕಲ್‌ಗೆ ಯಾರು ಹೆದರುತ್ತಾರೆ?

ಮೈಸೂರು ರಿಟರ್ನ್

ಮೇಲಿನವರೇ ಮಾಡಿದ ಒಳ್ಳೆ ಕೆಲಸವೂ ಇದೆ, ಮರೆಯಬೇಡಿ. ನಾನು ಮೈಸೂರಿನಲ್ಲಿದ್ದಾಗ 2017ರಲ್ಲಿ ಟ್ರಿಣ್ ಟ್ರಿಣ್ ಶುರುವಾಯಿತು. 450 ಸೈಕಲ್, ಕಾರ್ಡ್ ತೋರಿಸಿ ತೆಗೆದುಕೊಂಡು ಬೇರೆ ಕಡೆ ಬಿಡಬಹುದು. ಅದರ ಹಿಂದೆ ಇದ್ದದ್ದು ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ, ಜೊತೆಗೆ ಪಾಲಿಕೆ. ಪಾಲಿಕೆ ಒಂದೇ ಆಗಿದ್ದರೆ ಅಷ್ಟು ಪರಿಣತರು, ಅಷ್ಟು ಹಣ ಎಲ್ಲಿಂದ ಬರಬೇಕು? ಕಾರವಾರದಂಥ ಊರಿನಲ್ಲಿ ರಸ್ತೆ ವಿನ್ಯಾಸ ಗೊತ್ತಿರುವ ಇಂಜಿನಿಯರ್ ಒಬ್ಬರಾದರೂ ಸಿಗುತ್ತಾರಾ?

ಹಾಗೆಂದು ಪೂರ್ತಿ ಹೊಗಳುವುದಿಲ್ಲ. ಸೈಕಲ್ ಬಂತು, ನಾನು ಓಡಿಸಿದ ಬೀದಿಗಳಲ್ಲಿ ದಾರಿ ಮಾತ್ರ ಮೊದಲಿನದ್ದೇ.

ಪೆಡಲ್ ಕೋಡಿಬಾಗ

ಎಲ್ಲಾ ಎರಡೆರಡು ಸಲ ಓದಿದೆ. ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಶುರುವಿನಲ್ಲಿ ಎಲ್ಲವನ್ನೂ ನಗರಸಭೆಗೆ ಕೊಡಿ ಎನ್ನುವ ಹುಕಿಯಲ್ಲಿದ್ದೆ. ಈಗ ಅನ್ನಿಸುವುದು ಇಷ್ಟು: ವಿನ್ಯಾಸ, ಹಣ ಮೇಲಿನಿಂದ ಬರಲಿ, ಬೇಡ ಎನ್ನಲ್ಲ. ಆದರೆ ಊರ ಗಡಿಯೊಳಗೆ, ಹೆದ್ದಾರಿ ಆಗಲಿ ಗಲ್ಲಿ ಆಗಲಿ, ಆ ಅಂಚಿನ ಒಂದು ಮಾರು ಜಾಗಕ್ಕೆ ಒಬ್ಬನೇ ಯಜಮಾನ ಇರಲಿ, ಅವನ ಕಚೇರಿ ನಾನು ಸೈಕಲ್‌ನಲ್ಲಿ ಹೋಗಿ ಬರುವಷ್ಟು ದೂರದಲ್ಲಿರಲಿ. ಅದಕ್ಕೆ ನಗರಸಭೆಗಿಂತ ಹತ್ತಿರದ್ದು ಇನ್ಯಾವುದಿದೆ? ಓವರ್‌ಸಿಯರ್ ಸಾಹೇಬರೇ, ಇದಕ್ಕೆ ದಾರಿ ಇದೆಯಾ?

ನಿವೃತ್ತ ಓವರ್‌ಸಿಯರ್

ಇದೆ, ಕಷ್ಟ ಅಷ್ಟೇ. ಬೈಪಾಸ್ ಆದ ಕಡೆ ಊರೊಳಗಿನ ಹಳೇ ಹೆದ್ದಾರಿಯನ್ನು ರಾಜ್ಯಕ್ಕೋ ಸ್ಥಳೀಯ ಸಂಸ್ಥೆಗೋ ದಾಟಿಸುವ ಪದ್ಧತಿ ಮೊದಲಿನಿಂದ ಇದೆ. ಬೈಪಾಸ್ ಇಲ್ಲದ ಕಡೆ, ಕಾರವಾರದ ಹಾಗೆ ಒಂದು ಕಡೆ ಗುಡ್ಡ ಒಂದು ಕಡೆ ಸಮುದ್ರ ಇದ್ದರೆ, ಹೆದ್ದಾರಿಯೇ ಊರಿನ ಬೀದಿಯೂ ಹೌದು. ಸಮುದ್ರದ ಬದಿಗೆ ಸರಿಯೋಣ ಎಂದರೆ ಕರಾವಳಿ ನಿಯಂತ್ರಣ ವಲಯದ ಒಪ್ಪಿಗೆ ಬೇಕು, ಆಗ ನಿಮ್ಮ ಯಜಮಾನರು ಆರಾಗುತ್ತಾರೆ.

ನೀವು ದೊಡ್ಡದು ಕೇಳಬೇಡಿ. ಶೋಲ್ಡರ್ ತುಂಬಿಸಿ ಎಂದು ಕೇಳಿ. ಅದು ನಿರ್ವಹಣೆ ಲೆಕ್ಕಕ್ಕೆ ಬರುತ್ತದೆ, ಚೇಂಜ್ ಆಫ್ ಸ್ಕೋಪ್ ಬೇಡ.

ಪೆಡಲ್ ಕೋಡಿಬಾಗ

ಹದಿನೈದು ದಿನ ಆಯಿತು, ಸುದ್ದಿ ಹೇಳಲು ಬಂದೆ.

ಓವರ್‌ಸಿಯರ್ ಹೇಳಿದ ಹಾಗೆ, ವಕೀಲರು ಕೊಟ್ಟ ಸೆಕ್ಷನ್ ಹಾಕಿ ಮೂರೂ ಕಡೆ ಅರ್ಜಿ ಕೊಟ್ಟೆ. ಮೂರೂ ಕಡೆ ಸೀಲು. ಮತ್ತೆ ಅದೇ ಮೌನ. ಹೋದ ಭಾನುವಾರ ಬೆಳಿಗ್ಗೆ ನಾನು, ಟೀಚರ್ ಮತ್ತು ಮೀನು ಹೆಕ್ಕಿಕೊಟ್ಟ ಬಾಯಿಯವರ ಮಗ ಸೇರಿ ಎಂಟು ಬುಟ್ಟಿ ಜಲ್ಲಿ, ಕೆಂಪು ಮಣ್ಣು ತಂದು ನಾನು ಬಿದ್ದ ಜಾಗದಲ್ಲಿ ತುಂಬಿದೆವು. ಮರದ ದಿಮ್ಮಿಯಿಂದ ಬಡಿದೆವು. ಹತ್ತು ಹೆಜ್ಜೆ ಉದ್ದ ಇರಬಹುದು. ಪಾವ್ ಮಾರುವವನು ಅದರ ಮೇಲೆ ಮೊದಲು ಹೋದ, ಹಿಂದಿರುಗಿ ನೋಡಿ ಎರಡು ಸಲ ಹಾರ್ನ್ ಹೊಡೆದ.

ಸೋಮವಾರ ಹನ್ನೊಂದು ಗಂಟೆಗೆ ಫೋನ್ ಬಂತು. "ನಮ್ಮ ಜಾಗದಲ್ಲಿ ಯಾರನ್ನು ಕೇಳಿ ಮಣ್ಣು ಹಾಕಿದಿರಿ?" ಎಂದು ಒಬ್ಬ ಅಧಿಕಾರಿ ಜೋರು ಮಾಡಿದರು. ನಾನು ಯಾವ ಕಚೇರಿ ಸಾರ್ ಎಂದೆ. ಹೇಳಿದರು. ಇನ್ನೊಮ್ಮೆ ಹೇಳಿ, ಬರೆದುಕೊಳ್ಳುತ್ತೇನೆ ಎಂದೆ. ಮತ್ತೆ ಹೇಳಿದರು. ಹುದ್ದೆಯನ್ನೂ ಹೇಳಿದರು.

ನಾಳೆ ನಾಲ್ಕನೇ ಅರ್ಜಿ ಅವರ ಹೆಸರಿಗೇ.

ಹೈಚರ್ಚ್ ರೋಡ್ ಅಂಗಡಿ

ಜಲ್ಲಿ ಇನ್ನೂ ಇದೆಯಾ, ತೆಗೆಸಿದರಾ?

ಪೆಡಲ್ ಕೋಡಿಬಾಗ

ಇದೆ. ತೆಗೆಸಲು ಟೆಂಡರ್ ಕರೆಯಬೇಕಂತೆ.